ಕುಲಾವಿ ಹಾಕಿಕೊಂಡ ಕಲ್ಲು

ಮಗಳ ನರ್ಸರಿಯಿಂದ ಚೀಟಿ ಬಂದಿದೆ. ಬರುವ ಶನಿವಾರ ಪೋಷಕರ ಸಭೆಯಂತೆ. ಪುಟ್ಟ ಮಕ್ಕಳಿಗೆ ಮನೆಯಲ್ಲಿ ಏನೇನು ಕಲಿಸಿದಿರಿ, ಹೇಗೆ ಕಲಿಸಿದಿರಿ ಎಂಬ ಅನುಭವವನ್ನು ತಾಯಂದಿರು ಹಂಚಿಕೊಳ್ಳಬೇಕಂತೆ. ಅಚ್ಚು ಮಾಡಿಸಿದ ಆ ಚೀಟಿಯ ಕೆಳಗೆ ಹೆಡ್ ಮಿಸ್ ಕೆಂಪು ಶಾಯಿಯಲ್ಲಿ ಪ್ರತ್ಯೇಕವಾಗಿ ಒಂದು ಸಾಲು ಬರೆದಿದ್ದಾರೆ: "ಇಂಚರಳ ತಾಯಿ ತಪ್ಪದೆ ಮಾತನಾಡಬೇಕು."

ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಎರಡು ದಿನವಾಯಿತು. ಹಾಲು ತೆಗೆಯಲು ಹೋದಾಗಲೆಲ್ಲ ಅದು ನನ್ನನ್ನು ನೋಡುತ್ತದೆ. ನಾನು ಏನು ಹೇಳಲಿ? ನಿಜ ಹೇಳಿದರೆ ಆ ಸಭೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಯಾರೂ ಕೂರಲಾರರು. ಸುಳ್ಳು ಹೇಳೋಣವೆಂದರೆ ಮಗಳು ಎದುರಿಗೇ ಇರುತ್ತಾಳೆ. ಅದಕ್ಕೇ ಮೊದಲು ನಿಮ್ಮ ಮುಂದೆ ಹೇಳಿ ಹಗುರಾಗುತ್ತೇನೆ. ನೀವು ನಕ್ಕರೂ ನನಗೆ ಕಾಣುವುದಿಲ್ಲವಲ್ಲ.

ನಾನು ಡಿ.ಎಡ್. ಮಾಡಿದವಳು. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಆದ ಅನಾಹುತದಲ್ಲಿ ಅರ್ಧ ಪಾಲು ಅದರದ್ದೇ. ತವರು ಸೊರಬ, ಕೊಟ್ಟ ಮನೆ ಶಿಕಾರಿಪುರ. ಮದುವೆಗೆ ಮುಂಚೆ ಎರಡು ವರ್ಷ ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ಕಲಿಸಿದ್ದೆ. ಎದುರಿಗೆ ಯಾರೇ ಕೂತರೂ "ಹೇಳಿ ನೋಡೋಣ" ಎನ್ನುವ ಚಾಳಿ ಅಲ್ಲಿಂದ ಅಂಟಿಕೊಂಡಿತು. ಚಿಕ್ಕಂದಿನಿಂದಲೂ ನಾನು ವಾಚಾಳಿಯೇ ಅನ್ನಿ. ಜ್ವರ ಬಂದು ಮಲಗಿದಾಗ ಮಾತ್ರ ಮನೆ ತಣ್ಣಗಿರುತ್ತಿತ್ತು ಎಂದು ನಮ್ಮಮ್ಮ ಈಗಲೂ ಹೇಳುತ್ತಾಳೆ. ಬಸುರಿಯಾಗಿದ್ದಾಗಲೇ ಪ್ರಾಣಿಗಳ ಚಾರ್ಟು, ಹಣ್ಣಿನ ಚಾರ್ಟು, ಬಣ್ಣದ ಚಾರ್ಟುಗಳನ್ನೆಲ್ಲ ತಂದು ಗೋಡೆಗೆ ಮೆತ್ತಿದೆ. ನಮ್ಮ ಮನೆಯವರದು ಗೊಬ್ಬರದ ಅಂಗಡಿ. ಕಂಪನಿಯವರು ಕೊಟ್ಟ ಕ್ಯಾಲೆಂಡರ್ ಹಿಡಿದು ಒಂದು ಸಂಜೆಯೆಲ್ಲ ಮನೆ ಸುತ್ತಿದರು, ಒಂದು ಮೊಳೆಗೂ ಜಾಗ ಸಿಗಲಿಲ್ಲ. ಮಗಳು ಹುಟ್ಟಿದಾಗ ಹಕ್ಕಿಯ ಹಾಗೆ ಉಲಿಯಲಿ ಎಂದು ನಾನೇ ಇಂಚರ ಎಂದು ಹೆಸರು ಆರಿಸಿದೆ.

ಇಂಚರ ಮೂರು ವರ್ಷ ತುಂಬಿದರೂ ಒಂದು ಮಾತು ಆಡಲಿಲ್ಲ.

ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಲ್ಲಿನ ವಿಷಯ ಹೇಳಬೇಕು.

ನಮ್ಮ ಕಡೆ ಮಗುವಿಗೆ ಹೆಸರಿಡುವ ದಿನ ತೊಟ್ಟಿಲಿಗೆ ಮೊದಲು ಮಗುವನ್ನು ಹಾಕುವುದಿಲ್ಲ. ರುಬ್ಬುವ ಗುಂಡುಕಲ್ಲನ್ನು ಹಾಕುತ್ತಾರೆ. ಅದಕ್ಕೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಕುಲಾವಿ ಕಟ್ಟಿ, ಕಾಡಿಗೆಯಲ್ಲಿ ಎರಡು ಕಣ್ಣು ಬರೆಯುತ್ತಾರೆ. ಆಚೆ ಇಬ್ಬರು, ಈಚೆ ಇಬ್ಬರು ಮುತ್ತೈದೆಯರು ನಿಂತು "ಕಲ್ಲಪ್ಪನ್ನ ತಗಳ್ರೇ, ಕೂಸವ್ವನ್ನ ಕೊಡ್ರೇ" ಎನ್ನುತ್ತ ತೊಟ್ಟಿಲಿನ ಕೆಳಗಿಂದ ಕಲ್ಲನ್ನೂ ಮೇಲಿಂದ ಮಗುವನ್ನೂ ಕೈಗೆ ಕೈ ದಾಟಿಸುತ್ತಾರೆ. ಮಗು ಕಲ್ಲಿನ ಹಾಗೆ ಗಟ್ಟಿಯಾಗಲಿ ಎಂದು ಹಾರೈಕೆ. ಕಲ್ಲು ಅಣ್ಣ, ಮಗು ತಂಗಿ. ಎಷ್ಟು ಚೆಂದದ ಪದ್ಧತಿ ಎಂದು ನೀವು ಅನ್ನಬಹುದು. ನಾನೂ ಹಾಗೇ ಅಂದುಕೊಂಡು ಹಲ್ಲು ಕಿರಿದು ಫೋಟೊ ತೆಗೆಸಿಕೊಂಡೆ.

ಆದರೆ ಹಳೆಯದನ್ನು ಕೆಡವಿ ಅದೇ ಜಾಗದಲ್ಲಿ ನಮ್ಮ ಅಪ್ಪ ಕಟ್ಟಿಸಿದ ಹೊಸ ಮನೆಯಲ್ಲಿ ಕಲ್ಲೇ ಇರಲಿಲ್ಲ, ಮಿಕ್ಸಿ ಇತ್ತು. ಮಿಕ್ಸಿಯ ಜಾರಿಗೆ ಕುಲಾವಿ ಕಟ್ಟಲು ಬರುವುದಿಲ್ಲ. ಹಾಗಾಗಿ ಪಕ್ಕದ ಮನೆಯ ಸೀತಜ್ಜಿಯ ಚಟ್ನಿ ಒರಳಿನ ಗುಂಡನ್ನು ಕಡ ತಂದರು. ನನ್ನ ಬಾಲ್ಯದ ಬೆಳಗುಗಳೆಲ್ಲ ಆ ಗುಂಡಿನ ಸದ್ದಿನಲ್ಲೇ ಆದವು. ಗೋಡೆಯಾಚೆ ಗರ್ರ್ ಎಂದು ಅದು ತಿರುಗಲು ಶುರುವಾದರೆ ನಾವು ಹಾಸಿಗೆ ಬಿಟ್ಟು ಏಳಬೇಕು ಎಂದು ಅರ್ಥ. ರುಬ್ಬುವಾಗ ಹಿಟ್ಟು ಒಳಗೆ ತಳ್ಳುವ ಕೆಲಸಕ್ಕೆ ಅಜ್ಜಿ ನಮ್ಮನ್ನು ಕೂರಿಸುತ್ತಿದ್ದಳು. ಬೆರಳು ಸಿಕ್ಕಿಬಿಟ್ಟರೆ ಎಂಬ ಭಯ, ತೆಂಗಿನಕಾಯಿ ಚೂರು ಸಿಗುತ್ತದೆಂಬ ಆಸೆ. ಕಲ್ಲು ಕೊಡುವಾಗ ಸೀತಜ್ಜಿ ಒಂದೇ ಮಾತು ಹೇಳಿದ್ದಳಂತೆ: "ಶಾಸ್ತ್ರ ಮುಗಿದ ಕೂಡ್ಲೆ ಕುಲಾವಿ ಬಿಚ್ಚಿ, ತೊಳ್ದು, ಮರುದಿನವೇ ಅದ್ರಾಗೆ ಏನಾರ ರುಬ್ಬಬೇಕು. ಹಂಗೇ ಇಟ್ಕಣಬ್ಯಾಡಿ."

ನಾವು ಮಾಡಿದ್ದು ಇಷ್ಟು. ನೆಂಟರ ಊಟದ ಗಡಿಬಿಡಿಯಲ್ಲಿ ಕಲ್ಲು ತೊಟ್ಟಿಲಿನ ಮೂಲೆಯಲ್ಲೇ ಉಳಿಯಿತು. ಅಮ್ಮ ಕೊಟ್ಟಳೆಂದು ನಾನು, ನಾನು ಕೊಟ್ಟೆನೆಂದು ಅಮ್ಮ. ಮಗು ನನ್ನ ಮಗ್ಗುಲಲ್ಲೇ ಮಲಗುತ್ತಿದ್ದರಿಂದ ತೊಟ್ಟಿಲನ್ನು ಯಾರೂ ತೆಗೆದು ನೋಡಲಿಲ್ಲ. ತಿಂಗಳಾದ ಮೇಲೆ ತೊಟ್ಟಿಲನ್ನು ಹಾಸಿಗೆ ಸಮೇತ ಗೂಡ್ಸ್ ಆಟೋದಲ್ಲಿ ಹೇರಿ ಶಿಕಾರಿಪುರಕ್ಕೆ ಕಳಿಸಿದರು. ಇಲ್ಲಿ ಬಂದು ಹಾಸಿಗೆ ಬಿಡಿಸಿದರೆ ಒಳಗೆ ಕಣ್ಣು ಬಿಟ್ಟುಕೊಂಡು ಕೂತಿತ್ತು. ಬರುವಾಗ ತರುತ್ತೇನೆ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಕೈಯಲ್ಲಿ ಮಗು, ಹೆಗಲಲ್ಲಿ ಚೀಲ, ಅದರ ಮೇಲೆ ಐದು ಕೇಜಿ ಕಲ್ಲು ಹೊತ್ತು ಬಸ್ಸು ಹತ್ತುವವರು ಯಾರು? ಕುಲಾವಿಯಲ್ಲಿ ಮುದ್ದಾಗಿಯೂ ಇತ್ತು. ಚಾರ್ಟುಗಳ ಕೆಳಗೆ, ಕೋಣೆಯ ಮೂಲೆಯಲ್ಲಿ ಕೂರಿಸಿದೆ. ಅಲ್ಲೇ ಮೂರು ವರ್ಷ ಕೂತಿತು.

ಈಗ ಮಾತಿಗೆ ಬರೋಣ. ನಮ್ಮ ಬಡಾವಣೆಯ ತಾಯಂದಿರದೊಂದು ವಾಟ್ಸಾಪ್ ಗುಂಪಿದೆ. ಒಬ್ಬಳ ಮಗ ಒಂದೂವರೆ ವರ್ಷಕ್ಕೆ ಇಪ್ಪತ್ತು ಪ್ರಾಣಿಗಳ ಹೆಸರು ಹೇಳುತ್ತಾನೆ. ಇನ್ನೊಬ್ಬಳ ಮಗಳು ಎರಡಕ್ಕೆ ಕಾಗುಣಿತ ಹಾಡುತ್ತಾಳೆ, ಅದರ ವಿಡಿಯೊ ಬೆಳಗ್ಗೆ ಹಲ್ಲುಜ್ಜುವ ಮೊದಲೇ ಬರುತ್ತದೆ. ನಾನು ಚಪ್ಪಾಳೆಯ ಚಿಹ್ನೆ ಒತ್ತಿ ಫೋನ್ ಮಗುಚಿಟ್ಟು, ಕಾರ್ಡುಗಳ ಕಟ್ಟು ತೆಗೆದುಕೊಂಡು ಮಗಳ ಮುಂದೆ ಕೂರುತ್ತಿದ್ದೆ. "ಇದೇನು ಪುಟ್ಟಾ? ಆನೆ. ಹೇಳು, ಆ... ನೆ." ಅನ್ನ ತಿನ್ನಿಸುವಾಗ "ಇದೇನು? ಅನ್ನ. ಹೇಳು." ಸ್ನಾನ ಮಾಡಿಸುವಾಗ "ಇದೇನು? ನೀರು." ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಮಳೆ ನಿಲ್ಲಲಿ ಎಂದು ಅಂಗಡಿಯ ಜಗಲಿಯಲ್ಲಿ ಕಾಯುವವರ ಮುಖ ಇರುತ್ತದಲ್ಲ, ಹಾಗೆ.

ಶಿವಮೊಗ್ಗದ ಡಾಕ್ಟರು ಕಿವಿ ನೋಡಿ, ನಾಲಿಗೆ ನೋಡಿ ಎಲ್ಲ ಸರಿಯಿದೆ ಎಂದರು. ನರ್ಸರಿಯ ಹೆಡ್ ಮಿಸ್ ಮಾತ್ರ ಅರ್ಜಿ ವಾಪಸ್ ಕೊಟ್ಟರು. "ಬೇಜಾರು ಮಾಡ್ಕೋಬೇಡ್ರೀ. ಬಾಯಿಬಿಟ್ಟು ಬಾತ್ರೂಮಿಗೆ ಅಂತನಾದ್ರೂ ಹೇಳ್ಬೇಕಲ್ರೀ ಮಗು. ದೀಪಾವಳಿ ತನಕ ನೋಡ್ರಿ. ಆಗ್ಲಿಲ್ಲಂದ್ರೆ ಅಂಥ ಮಕ್ಕಳಿಗೇ ಬೇರೆ ಸ್ಕೂಲ್ ಅದಾವು." ಅಂಥ ಮಕ್ಕಳು ಎಂಬ ಮಾತು ನನಗೆ ಚೂರಿಯ ಹಾಗೆ ಚುಚ್ಚಿತು. ಅವತ್ತು ಮನೆಗೆ ಬಂದು ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಮುಖ ತೊಳೆದುಕೊಂಡು ಬಂದು ಮತ್ತೆ ಕಾರ್ಡು ಹಿಡಿದೆ.

ಅದೇ ವಾರದ ಒಂದು ಮಧ್ಯಾಹ್ನ. ಕರೆಂಟು ಹೋಗಿತ್ತು, ಫ್ಯಾನು ನಿಂತು ಮನೆಯೆಲ್ಲ ನಿಶ್ಶಬ್ದ. ಇಂಚರ ಕೋಣೆಯಲ್ಲಿ ಮಲಗಿದ್ದಳು. ನಾನು ಹೊರಗೆ ಬಟ್ಟೆ ಮಡಚುತ್ತಿದ್ದೆ. ಮುಚ್ಚಿದ ಬಾಗಿಲಿನ ಆಚೆಯಿಂದ ಒಂದು ಮಗುವಿನ ದನಿ ಕೇಳಿಸಿತು.

"ಇದು ಆನಿ. ನೀ ನೋಡಿಯೇನು?"

ಆಮೇಲೆ ಏನೂ ಇಲ್ಲ. ಯಾರೋ ಉತ್ತರ ಕೊಡುವಷ್ಟು ಹೊತ್ತು ಏನೂ ಇಲ್ಲ.

"ಹೂಂ. ನಾನೂ ನೋಡಿಲ್ಲ." ಅದರ ಹಿಂದೆಯೇ ಒಂದು ನಗು.

ನಾನು ಆ ದನಿಯನ್ನು ಜನ್ಮದಲ್ಲಿ ಕೇಳಿರಲಿಲ್ಲ. ಪಕ್ಕದ ಮನೆಯ ಮಗು ಕಿಟಕಿ ಹತ್ತಿ ಒಳಗೆ ಬಂದಿದೆ ಎಂದೇ ತಿಳಿದೆ. ಬಾಗಿಲು ತಳ್ಳಿದೆ. ಇಂಚರ ಚಾಪೆಯ ಮೇಲೆ ಕೂತಿದ್ದಳು. ಎದುರಿಗೆ ಕಲ್ಲು. ಇಬ್ಬರೂ ನನ್ನ ಕಡೆ ನೋಡಿದರು. ಇಬ್ಬರೂ ಎಂದು ಬರೆಯಬಾರದು, ಗೊತ್ತು. ಆದರೆ ಅವತ್ತು ಹಾಗೇ ಕಂಡಿತು. ಕಲ್ಲಿನ ಕಾಡಿಗೆ ಕಣ್ಣು ಆಗ ತಾನೇ ಬರೆದ ಹಾಗೆ ಮಿರುಗುತ್ತಿತ್ತು.

ಅದನ್ನು ಅಷ್ಟು ದಿನ ನಾನು ಗಮನಿಸಿಯೇ ಇರಲಿಲ್ಲ. ಮೂರು ವರ್ಷದ ಕಾಡಿಗೆ ಉಳಿಯುವುದೆಂದರೇನು? ಅತ್ತೆ ಹಚ್ಚುತ್ತಿರಬೇಕು ಎಂದು ಕೇಳಿದೆ. ಅತ್ತೆ ಸೀರೆ ನೆರಿಗೆ ಹಿಡಿದವರು ಹಾಗೇ ನಿಂತರು.

"ನಾ ಯಾಕ್ ಹಚ್ಚಲೇ ಎವ್ವಾ? ದಿನಾ ನೀ ಹಚ್ತೀಯಂತ ಮಾಡಿದ್ದೆ ನಾನು."

ಮಗು ಹಚ್ಚಿರಬಹುದೇ? ಕಾಡಿಗೆಯ ಡಬ್ಬಿ ಕಪಾಟಿನ ಮೇಲಿನ ಅರೆಯಲ್ಲಿತ್ತು. ಅದರ ಮುಚ್ಚಳ ಎಷ್ಟು ಬಿಗಿಯೆಂದರೆ ನಾನೇ ಹಲ್ಲಿನಲ್ಲಿ ಕಚ್ಚಿ ತೆಗೆಯಬೇಕು.

ಅತ್ತೆಯದು ಶಿಕಾರಿಪುರದ ಹತ್ತಿರದ ಹಳ್ಳಿ. ಯಾವುದಕ್ಕೂ ಅಷ್ಟು ಸುಲಭವಾಗಿ ಹೆದರುವವರಲ್ಲ, ಹಾವು ಕಂಡರೆ ಪೊರಕೆ ಹಿಡಿದು ಅಟ್ಟುತ್ತಾರೆ. ಮರುದಿನ ಮಧ್ಯಾಹ್ನ ಅವರೂ ಬಾಗಿಲಿಗೆ ಕಿವಿಯಿಟ್ಟು ಕೇಳಿದರು. ಬಂದು ನನ್ನ ಮುಂದೆ ಕೂತು ತಣ್ಣಗೆ ಹೇಳಿದರು. "ಆ ಕಲ್ಲು ಕೂಸಿನ ಮಾತ ಇಸ್ಕೊಂಡೈತಿ. ಎಲ್ಲಾ ಅದಕ್ಕಾ ಹೇಳಿಬಿಟ್ರ ನಮಗೇನು ಉಳೀತೈತಿ? ಎಲ್ಲಿಂದ ತಂದೀಯೋ ಅಲ್ಲಿ ಕೊಟ್ಟು ಬಾ."

ನಾನು ಓದಿದವಳು, ನಕ್ಕುಬಿಟ್ಟೆ. ಆದರೆ ಒಳಗೆ ಏನಾಗುತ್ತಿತ್ತೆಂದು ನಿಮಗೆ ಮುಚ್ಚಿಡುವುದಿಲ್ಲ. ಭಯಕ್ಕಿಂತ ಹೆಚ್ಚಾಗಿ ನನಗೆ ಹೊಟ್ಟೆಕಿಚ್ಚಾಯಿತು. ಹೆತ್ತವಳು ನಾನು, ಕಲಿಸಿದವಳು ನಾನು. ಗಂಟಲು ಹರಿದುಕೊಂಡು ಹೇಳಿಕೊಟ್ಟ ಆನೆ, ಒಂಟೆ, ಜಿರಾಫೆಗಳನ್ನೆಲ್ಲ ಒಯ್ದು ಆ ಕುಲಾವಿಯ ಮುಂದೆ ಸುರಿಯುತ್ತಿದ್ದಾಳಲ್ಲ!

ನಮ್ಮ ಮನೆಯವರಿಗೆ ಇದು ತಮಾಷೆಯಾಗಿ ಕಂಡಿತು. "ರೆಕಾರ್ಡ್ ಮಾಡಿ ಹೆಡ್ ಮಿಸ್‌ಗೆ ಕೇಳಿಸಿದ್ರ ಆತು. ಸೀಟು ಕೊಡ್ತಾರ" ಎಂದರು. ಮಗು ಅತ್ತೆಯ ಜೊತೆ ಹಿತ್ತಲಿನಲ್ಲಿದ್ದಾಗ ತಮ್ಮ ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ, ಮಡಚಿಟ್ಟ ಗಾದಿಗಳ ಸಂದಿಯಲ್ಲಿ ತುರುಕಿ ಅಂಗಡಿಗೆ ಹೋದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಡುಗೆಮನೆಯಲ್ಲಿ ಮೂವರೂ ಕೂತು ಕೇಳಿದೆವು. ಮೊದಲಿಗೆ ಫ್ಯಾನಿನ ಸದ್ದು. ಆಮೇಲೆ ಬಾಗಿಲು. ಆಮೇಲೆ ಚಾಪೆ ಎಳೆದ ಸದ್ದು. ಆಮೇಲೆ ಇಂಚರಳ ದನಿ. ಬೆಳಗ್ಗೆ ತಿಂದ ದೋಸೆ, ಬೀದಿಯ ಕುಂಟು ನಾಯಿ, ಅಜ್ಜಿಯ ಕೆಮ್ಮು, ಎಲ್ಲವನ್ನೂ ಸಾಲಾಗಿ ಹೇಳುತ್ತಿದ್ದಳು. ನಡುನಡುವೆ ನಿಲ್ಲಿಸಿ ಹೂಂಗುಡುತ್ತಿದ್ದಳು. ನಮ್ಮ ಮನೆಯವರ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಅವಳು ಮಾತು ನಿಲ್ಲಿಸಿದಳು. ತುಂಬ ಹೊತ್ತು ನಿಲ್ಲಿಸಿದಳು.

"ಹೌದಾ? ಅಪ್ಪ ಫೋನ್ ಇಟ್ಟಾನಾ? ಎಲ್ಲಿ?"

ಮತ್ತೆ ನಿಶ್ಶಬ್ದ.

"ಗಾದಿ ಸಂದ್ಯಾಗಾ?"

ಪುಟ್ಟ ಹೆಜ್ಜೆಗಳು ಹತ್ತಿರ ಬಂದವು. ಉಸಿರಾಟದ ಸದ್ದು ಫೋನಿನ ಮೇಲೇ ಬಿದ್ದಂತೆ ಕೇಳಿಸಿತು. ಹೆಜ್ಜೆಗಳು ದೂರ ಹೋದವು. ಅಲ್ಲಿಂದ ಮುಂದೆ ಮುಕ್ಕಾಲು ಗಂಟೆ ಬರೀ ಫ್ಯಾನು.

ನಮ್ಮ ಮನೆಯವರು ಅದನ್ನು ಅಳಿಸಿಹಾಕಿದರು. ಹೆಡ್ ಮಿಸ್‌ಗೆ ಕೇಳಿಸುವ ಮಾತು ಮತ್ತೆ ಎತ್ತಲಿಲ್ಲ. "ನಾಳೆ ಸೊರಬಕ್ಕ ಹೋಗಿ ಬಾ" ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದರು, ಇನ್ನೂ ಊಟವೇ ಮಾಡಿರಲಿಲ್ಲ.

ಬೆಳಗ್ಗೆ ಕಲ್ಲನ್ನು ಜಿಪ್ಪಿನ ಚೀಲಕ್ಕೆ ಹಾಕುವಾಗ ಇಂಚರ ಅಳಲಿಲ್ಲ, ತಡೆಯಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಕೂತು ಚೀಲದ ಮೇಲೆ ಕೈಯಿಟ್ಟುಕೊಂಡಳು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ನೋಡಿದರೆ ಜಿಪ್ಪು ನಾಲ್ಕು ಬೆರಳಷ್ಟು ತೆರೆದಿತ್ತು. ಕಲ್ಲು ಉಸಿರಾಡಲಿ ಎಂದು ಅವಳೇ ಎಳೆದಿರಬೇಕು. ನಾನು ಆ ಸಂದಿನೊಳಗೆ ಇಣುಕಲಿಲ್ಲ. ಧೈರ್ಯವಾಗಲಿಲ್ಲ. ಆದರೂ ಚಾಳಿ ಬಿಡಬೇಕಲ್ಲ, ಕಿಟಕಿಯಾಚೆ ಕೈ ತೋರಿಸಿ "ಅದೇನು ಪುಟ್ಟಾ? ಎಮ್ಮೆ. ಹೇಳು, ಎಮ್ಮೆ" ಎಂದು ದಾರಿಯುದ್ದಕ್ಕೂ ಒದರುತ್ತಲೇ ಬಂದೆ.

ಸೀತಜ್ಜಿ ಹಿತ್ತಲ ಕಟ್ಟೆಯ ಮೇಲೆ ಕೂತು ಉದ್ದಿನಬೇಳೆ ತೊಳೆಯುತ್ತಿದ್ದಳು. ಎಂಬತ್ತು ದಾಟಿದೆ, ಕಣ್ಣು ಮಂಜು, ಸಿಟ್ಟು ಮಾತ್ರ ಹಾಗೇ ಇದೆ. ಚೀಲ ಕೆಳಗಿಟ್ಟ ಸದ್ದಿಗೇ ಅವಳಿಗೆ ಗೊತ್ತಾಯಿತು.

"ಬಂತನೇ ಅಂತೂ? ಮೂರು ವರ್ಷ ಬ್ಯಾರೆಯೋರ ಗುಂಡು ಇಟ್ಕಂಡು ರುಬ್ಬಿದೀನಿ ಮಾರಾಯ್ತಿ. ಒಂದಿನ ಹಿಟ್ಟು ನುಣ್ಣಗೆ ಆಗ್ಲಿಲ್ಲ." ಕೈ ಹಾಕಿ ಕುಲಾವಿ ತಡವಿದವಳು ಸರಕ್ಕನೆ ಕೈ ಹಿಂದಕ್ಕೆಳೆದಳು. "ಎಂತದೇ ಇದು? ಬಿಚ್ಚೇ ಇಲ್ವಾ? ಹಂಗೇ ಕೂರ್ಸ್ಕಂಡಿದ್ಯಾ ಇಷ್ಟು ವರ್ಷ?"

"ಮರೆತುಹೋತಜ್ಜಿ."

"ನೀವು ಮರೆತ್ರಿ. ಅದು ಮರೀತದಾ? ಕೆಲ್ಸ ಇಲ್ದೆ ಕೂತಿದ್ದು ಎಲ್ಲಾ ಕೇಳ್ತಾ ಕೂರ್ತದೆ."

ಅವಳು ಕುಲಾವಿ ಬಿಚ್ಚಿ, ಬಟ್ಟೆ ಕಿತ್ತು, ಕಲ್ಲನ್ನು ಕಟ್ಟೆಯ ಮೇಲಿಟ್ಟು ಕೊಡ ಬಗ್ಗಿಸಿದಳು. ಕಪ್ಪು ನೀರು ಇಳಿಯಿತು. ತೆಂಗಿನ ನಾರಿನಲ್ಲಿ ಉಜ್ಜಿ ಮತ್ತೆ ಬಗ್ಗಿಸಿದಳು. ಮತ್ತೆ ಕಪ್ಪು ನೀರು. ಇಡೀ ಕೊಡ ಖಾಲಿಯಾದರೂ ಕಟ್ಟೆಯ ಸಂದಿಯಲ್ಲಿ ಕಪ್ಪು ಹರಿಯುತ್ತಲೇ ಇತ್ತು. ಎರಡು ಕಣ್ಣಿಗೆ ಎಷ್ಟು ಕಾಡಿಗೆ ಬೇಕು? ನಾನು ಇಂಚರಳನ್ನು ಹತ್ತಿರಕ್ಕೆ ಎಳೆದುಕೊಂಡೆ. ಎರಡನೆಯ ಕೊಡಕ್ಕೆ ನೀರು ತಿಳಿಯಾಯಿತು. ಸೀತಜ್ಜಿ ಗುಂಡನ್ನು ಒರಳಿಗೆ ಇಳಿಸಿ, ಹಿಡಿ ಬೇಳೆ ಹಾಕಿ, ತಿರುಗಿಸತೊಡಗಿದಳು. ಗರ್ರ್ ಎಂದು ಅದೇ ನನ್ನ ಬಾಲ್ಯದ ಸದ್ದು.

ಇಂಚರ ನೋಡುತ್ತ ನಿಂತಳು. ಕಲ್ಲು ಹತ್ತು ಸುತ್ತು ತಿರುಗಿರಬೇಕು. ಆಮೇಲೆ ನನ್ನ ಕಡೆಗೆ ತಿರುಗಿ ಮುಖವೆತ್ತಿ, ಸ್ಪಷ್ಟವಾಗಿ ಕೇಳಿದಳು.

"ಅಮ್ಮ, ಇನ್ನ ನಾ ಯಾರ ಕೂಡ ಮಾತಾಡ್ಲಿ?"

ಮೂರು ವರ್ಷ ಕಾದಿದ್ದೆ. ಹರಕೆ ಹೊತ್ತಿದ್ದೆ. ಈ ಮಾತು ಬಂದ ದಿನ ಏನೇನು ಹೇಳಬೇಕೆಂದು ಒಳಗೊಳಗೇ ಕಟ್ಟಿಟ್ಟುಕೊಂಡಿದ್ದೆ. ನನ್ನ ಬಾಯಿಂದ ಹೊರಟದ್ದು ಏನು ಗೊತ್ತೇ?

"ಇನ್ನೊಂದ್ಸಲ ಹೇಳು ಪುಟ್ಟಾ! ಯಾರ... ಕೂಡ... ಹೇಳು!"

ಅವಳ ಮುಖ ಮುಚ್ಚಿಕೊಂಡಿತು. ಬಾಗಿಲು ಹಾಕಿದ ಹಾಗೆ ನನ್ನ ಕಣ್ಣೆದುರಿಗೇ ಮುಚ್ಚಿಕೊಂಡಿತು. ನಾನು ಮಂಡಿಯೂರಿ ಕೂತು "ಹೇಳೇ, ನನ್ನ ಬಂಗಾರ" ಎಂದು ಇನ್ನೂ ಏನೇನೋ ಬಡಬಡಿಸಿದೆ. ಸೀತಜ್ಜಿ ತಿರುಗಿಸುವ ಕೈ ನಿಲ್ಲಿಸದೆ ಗದರಿದಳು. "ಸುಮ್ನಿರೇ ಮಾರಾಯ್ತಿ, ಒಂದ್ ಗಳಿಗೆ."

ಆ ಮಾತನ್ನು ನನಗೆ ಅದುವರೆಗೆ ಯಾರೂ ಅಂದಿರಲಿಲ್ಲ. ಅಳು ಬಂತು, ನಾಚಿಕೆಯೂ ಆಯಿತು. ಬಾಯಿ ಮುಚ್ಚಿದೆ.

ಅಮ್ಮನ ಮನೆಯಲ್ಲಿ ಊಟ ಮಾಡುವಾಗಲೂ ಸುಮ್ಮನಿದ್ದೆ. ಹುಷಾರಿಲ್ಲವೇನೇ ಎಂದು ಅಮ್ಮ ಹಣೆ ಮುಟ್ಟಿ ನೋಡಿದಳು. ಮೂರು ಗಂಟೆಯ ಬಸ್ಸಿಗೆ ವಾಪಸ್ ಹೊರಟೆವು. ಮಗಳು ಕಿಟಕಿಯ ಪಕ್ಕ, ಖಾಲಿ ಚೀಲ ನನ್ನ ತೊಡೆಯ ಮೇಲೆ. ಎಮ್ಮೆಗಳು ಬಂದವು, ಹೋದವು. ಟ್ರ್ಯಾಕ್ಟರ್ ಬಂತು. ಕೆರೆ ಬಂತು, ಅದರಲ್ಲಿ ಬೆಳ್ಳಕ್ಕಿ ಇತ್ತು. ಇದೇನು ಎಂದು ನಾನು ಕೇಳಲಿಲ್ಲ. ಅಷ್ಟು ಕಷ್ಟದ ಕೆಲಸ ನಾನು ಬೇರೆ ಮಾಡಿಲ್ಲ, ಹೆರಿಗೆಯೂ ಸೇರಿ ಹೇಳುತ್ತಿದ್ದೇನೆ. ನಾಲಿಗೆ ಬಾಯೊಳಗೆ ಒದ್ದಾಡುತ್ತಿತ್ತು.

ಸೊರಬ ದಾಟಿ ಎರಡು ಊರು ಕಳೆದಿರಬೇಕು. ಪುಟ್ಟ ಕೈಯೊಂದು ನನ್ನ ಗದ್ದ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಿತು. ಅವಳು ನನ್ನ ಬಾಯನ್ನು ನೋಡಿದಳು, ಅದು ಮುಚ್ಚಿದೆಯೇ ಎಂದು ನೋಡುವಂತೆ.

"ಅಣ್ಣ ಹೇಳಿದ್ದ," ಎಂದಳು. "ಅಮ್ಮ ಸುಮ್ನಾದ ಮ್ಯಾಲೆ ಹೇಳು ಅಂತ."

ಯಾವಾಗ ಹೇಳಿದ, ಹೇಗೆ ಹೇಳಿದ ಎಂದು ಕೇಳಲು ಹೊರಟ ಬಾಯಿಗೆ ವೇಲು ಒತ್ತಿ ಹಿಡಿದೆ. ಅವಳು ಸೀಟಿನ ಮೇಲೆ ಕಾಲು ಮಡಚಿ, ನನ್ನ ಎದುರಿಗೆ ತಿರುಗಿ, ಕಲ್ಲಿನ ಮುಂದೆ ಕೂರುತ್ತಿದ್ದಳಲ್ಲ, ಹಾಗೆಯೇ ಕೂತು ಶುರುಮಾಡಿದಳು. ಕಂಡಕ್ಟರು ಬಂದು "ಆಧಾರ್ ತೋರ್ಸ್ರಿ ಅಕ್ಕಾರೆ" ಎಂದ. ನಾನು ಅವನ ಕಡೆ ನೋಡದೆ, ತಡಿ ಎಂದು ಕೈ ಎತ್ತಿದೆ.